ಮಾರಾಟಕ್ಕಿಲ್ಲದ ಮೊರ

ಲೂವೀನಿಯಾಳ ಅಂಗಡಿ ಅಂದರೆ ನಾಲ್ಕು ಕಂಬ, ಮೇಲೊಂದು ಹಲಗೆಯ ಮಾಡು, ಕಂಬದಿಂದ ಕಂಬಕ್ಕೆ ಅಡ್ಡಪಟ್ಟಿ, ಪಟ್ಟಿಯ ತುಂಬ ಮೊಳೆ, ಮೊಳೆಗೊಂದು ಬುಟ್ಟಿ. ಅಷ್ಟೇ. ಚಾರ್ಲ್ಸ್‌ಟನ್ನಿನ ಸೇತುವೆ ದಾಟಿ ಉತ್ತರಕ್ಕೆ ಹೊರಟ ಕಾರುಗಳೆಲ್ಲ ಅವಳ ಮುಂದೆಯೇ ಹಾದುಹೋಗಬೇಕು. ರಸ್ತೆಗೆ ಮೊದಲ ಸಲ ಟಾರು ಬಿದ್ದ ಕಾಲದಲ್ಲಿ ಅವಳ ಅಜ್ಜಿ ಮನೆಯಿಂದ ಒಂದು ಕುರ್ಚಿ ತಂದು ಅದೇ ಜಾಗದಲ್ಲಿಟ್ಟು, ಕುರ್ಚಿಯ ಬೆನ್ನಿಗೆ ಬುಟ್ಟಿ ನೇತುಹಾಕಿದ್ದಳಂತೆ. ಅಜ್ಜಿಯ ನಂತರ ಅವ್ವ ಕೂತಳು. ಅವ್ವನ ನಂತರ ಲೂವೀನಿಯಾ ಮತ್ತು ಅವಳ ತಂಗಿ ಆಲ್ಥೀಯಾ ಕೂತರು.

ನಮ್ಮ ಕಡೆ ಬುಟ್ಟಿ ಹೆಣೆಯುತ್ತೇವೆ ಅನ್ನುವುದಿಲ್ಲ, ಹೊಲಿಯುತ್ತೇವೆ ಅನ್ನುತ್ತೇವೆ. ಸಿಹಿಹುಲ್ಲಿನ ಹಿಡಿಯೊಂದನ್ನು ಸುರುಳಿ ಸುತ್ತುತ್ತ, ತಾಳೆಗರಿಯ ಸೀಳಿನಿಂದ ಸುತ್ತಿಗೆ ಸುತ್ತು ಕೂಡಿಸಿ ಬಿಗಿಯುವುದು. ಗರಿ ತೂರಿಸಲು ದಾರಿ ಮಾಡುವ ಸಲಕರಣೆಯ ಹೆಸರು ಮೂಳೆ. ಹಿಂದೆ ಅದು ದನದ ಪಕ್ಕೆಮೂಳೆಯೇ ಆಗಿತ್ತು. ಈಗ ಚಮಚದ ಹಿಡಿಯನ್ನು ಉಜ್ಜಿ ಮೊನಚು ಮಾಡಿಕೊಳ್ಳುತ್ತೇವೆ, ಹೆಸರು ಮಾತ್ರ ಹಳೆಯದೇ. ಲೂವೀನಿಯಾಳ ಕೈಯಲ್ಲಿದ್ದದ್ದು ಅವ್ವನ ಮೂಳೆ. ಅವ್ವನ ಹೆಬ್ಬೆರಳು ಕೂತು ಕೂತು ಅದರಲ್ಲೊಂದು ಗುಳಿ ಬಿದ್ದಿತ್ತು, ಲೂವೀನಿಯಾಳ ಹೆಬ್ಬೆರಳು ಆ ಗುಳಿಯಲ್ಲಿ ಸರಿಯಾಗಿ ಕೂರುತ್ತಿತ್ತು.

ಬರುವ ಗಿರಾಕಿಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: ಇದು ನಿಜವಾದದ್ದೇ? ಊರು ನೋಡಲು ಬಂದವರಿಗೆ ಊರಿನ ಅಸಲಿ ವಸ್ತು ಬೇಕು. ಫೋನಿನಲ್ಲಿ ಓದಿಕೊಂಡೇ ಬಂದಿರುತ್ತಾರೆ. ಒಬ್ಬರು ಬುಟ್ಟಿಯನ್ನು ಮೂಸುತ್ತಾರೆ. ಇನ್ನೊಬ್ಬರು ಉಗುರಿನಿಂದ ಕೆರೆಯುತ್ತಾರೆ. ಮತ್ತೊಬ್ಬರು ಹೊಲಿದವಳ ಅಂಗೈ ತೋರಿಸು ಅನ್ನುತ್ತಾರೆ, ಎತ್ತಿನ ಸಂತೆಯಲ್ಲಿ ಹಲ್ಲು ನೋಡುವವರ ಹಾಗೆ. ಈ ಊರಿಗೆ ಹಲ್ಲು ನೋಡಿ ಕೊಳ್ಳುವ ವ್ಯಾಪಾರ ಹೊಸದಲ್ಲ ಬಿಡಿ; ಒಂದು ಕಾಲಕ್ಕೆ ಗುಲಾಮರೆಂದು ನಮ್ಮನ್ನೇ ಹಾಗೆ ಕೊಂಡಿದ್ದರು. ಲೂವೀನಿಯಾ ಮಾತ್ರ ಸಿಟ್ಟಾಗುವವಳಲ್ಲ. "ಇದೇನು ಚೀನಾದ್ದಾ?" ಅಂತ ಯಾರಾದರೂ ಕೇಳಿದರೆ, "ಹೌದಪ್ಪ, ಆ ಪೆಟ್ರೋಲ್ ಬಂಕ್ ಹಿಂದಗಡೆ ಕೆಂಪು ಬಾಗಿಲಿನ ಮನೆ ಕಾಣ್ತಿದೆಯಲ್ಲ, ಅದೇ ಚೀನಾ. ನಾನು ಅಲ್ಲೇ ಹುಟ್ಟಿದ್ದು" ಅನ್ನುತ್ತಿದ್ದಳು. ಅವರು ನಕ್ಕ ಮೇಲೆ ಬಲಗೈ ಎತ್ತಿ ತಲೆಯ ಮೇಲೆ ನೇತಾಡುತ್ತಿದ್ದ ಮೊರ ತೋರಿಸುತ್ತಿದ್ದಳು. "ನನ್ನ ಮಾತು ಅದರ ಮೇಲೆ."

ಆ ಮೊರ ಅವಳ ಮುತ್ತಜ್ಜಿಯ ಅಪ್ಪ ಹೊಲಿದದ್ದು, ಮನೆಯಲ್ಲಿ ಅವನನ್ನು ಮುತ್ತಜ್ಜ ಅಂತಲೇ ಅನ್ನುತ್ತಿದ್ದರು. ಭತ್ತ ಕೇರುವ ದೊಡ್ಡ ಮೊರ, ಜೊಂಡಿನದು, ಗಾಡಿಚಕ್ರದಷ್ಟು ಗುಂಡಗೆ. ಆಗ ಗದ್ದೆ ಧಣಿಗಳದು, ಭತ್ತ ಧಣಿಗಳದು, ಮೊರ ಹೊಲಿದವನೂ ಧಣಿಗಳವನೇ. ಮೊರವೊಂದು ಮಾತ್ರ ಹೇಗೋ ನಮ್ಮವರ ಪಾಲಿಗೆ ಉಳಿಯಿತು. ಅಂಥ ಮೊರವನ್ನು ಈಗ ಹೊಲಿಯುವವರಿಲ್ಲ. ಕೈನೋವು ಜಾಸ್ತಿ, ಕೊಳ್ಳುವವರು ಕಡಿಮೆ. ಹೊಲಿಗೆ ಗೊತ್ತಿದ್ದದ್ದು ಇಡೀ ರಸ್ತೆಗೆ ಲೂವೀನಿಯಾ ಒಬ್ಬಳಿಗೆ. ಅದರ ಅಂಚಿನಲ್ಲಿ ಒಂದು ಗೇಣು ಸೊಟ್ಟ ಹೊಲಿಗೆಯಿತ್ತು. ಅವಳಿಗೆ ಏಳು ವರ್ಷವಾಗಿದ್ದಾಗ ಅಂಚು ಬಿಟ್ಟುಕೊಂಡಿತ್ತು, ಅವ್ವ ಮೂಳೆಯನ್ನು ಅವಳ ಕೈಗೆ ಕೊಟ್ಟು ನೀನೇ ಕೂಡಿಸು ಅಂದಿದ್ದಳು. ಮಗು ಹೊಲಿದದ್ದು ಹಲ್ಲುದುರಿದವರ ಬಾಯಿಯಂತಾಯಿತು. ಅವ್ವ ಬಿಚ್ಚಿಸಲಿಲ್ಲ. ಇರಲಿ, ಮೊರಕ್ಕೂ ನಿನ್ನ ಗುರುತು ಸಿಗಲಿ ಅಂದಳು.

ಸಾಯುವಾಗ ಅವ್ವ ಮೂಳೆಯನ್ನು ದೊಡ್ಡವಳಿಗೂ ಮೊರವನ್ನು ಇಬ್ಬರಿಗೂ ಅಂದಳು. ಇಬ್ಬರದೂ ಅಂದರೆ ಇಡುವುದೆಲ್ಲಿ? ಲೂವೀನಿಯಾಳಿಗೆ ಕಾರಿಲ್ಲ, ಮೊಣಕಾಲು ಬೇರೆ ಊದಿರುತ್ತದೆ. ಆಲ್ಥೀಯಾಳ ಹತ್ತಿರ ಹಳೆಯದೊಂದು ಕಾರಿತ್ತು. ಹಾಗಾಗಿ ಬೆಳಿಗ್ಗೆ ಅಕ್ಕನನ್ನೂ ಮೊರವನ್ನೂ ಅಂಗಡಿಗೆ ತರುವುದು, ಸಂಜೆ ಅಕ್ಕನನ್ನು ಮನೆ ಮುಟ್ಟಿಸಿ ಮೊರವನ್ನು ತನ್ನ ಮನೆಯಲ್ಲಿಡುವುದು ಅವಳ ಕೆಲಸವಾಯಿತು. ಹೆದ್ದಾರಿಯ ಹೊಗೆ ಕೂರಬಾರದೆಂದು ಮೊರಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದವಳೂ ಅವಳೇ. ವರ್ಷಕ್ಕೊಂದೇ ಸಲ ಅದು ಮೈ ಬಿಚ್ಚುತ್ತಿತ್ತು. ಹೊಸ ವರ್ಷದ ಮೊದಲ ದಿನ ನಮ್ಮಲ್ಲಿ ಅಲಸಂದೆ ಅನ್ನ ಆಗಲೇಬೇಕು. ಅದಕ್ಕೆ ಹಾಕುವ ಅಕ್ಕಿಯನ್ನು ಆ ಮನೆಯವರು ಮೊದಲು ಮೊರದಲ್ಲಿ ಕೇರುತ್ತಿದ್ದರು. ಪೊಟ್ಟಣದ ಅಕ್ಕಿಯಲ್ಲಿ ಹೊಟ್ಟೆಲ್ಲಿಂದ ಬರಬೇಕು? ಆದರೂ ಅಕ್ಕ ಕೇರುವಳು, ತಂಗಿ ಪಕ್ಕದಲ್ಲಿ ನಿಂತು ಇಲ್ಲದ ಹೊಟ್ಟನ್ನು ಊದುವಳು.

ತಂಗಿಯ ಬುಟ್ಟಿ ಹೆಸರು ಕೂಟರ್. ಹುಟ್ಟಿದ ಮಗು ಬುಟ್ಟಿಯಲ್ಲಿ ಮಲಗಿರುವಾಗಲೇ ನಮ್ಮವರು ಒಂದು ಮುದ್ದಿನ ಹೆಸರು ಇಟ್ಟುಬಿಡುತ್ತಾರೆ, ಅದು ಸಾಯುವ ತನಕ ಬಿಡುವುದಿಲ್ಲ. ಕೂಟರ್ ಅಂದರೆ ಆಮೆ. ಆಲ್ಥೀಯಾ ಹುಟ್ಟಿದ್ದೇ ತಡವಾಗಿ, ನಡೆದದ್ದು ತಡವಾಗಿ, ಮಾತಾಡಿದ್ದೂ ತಡವಾಗಿ. ಬುಟ್ಟಿಯ ವಿಷಯದಲ್ಲೂ ಹಾಗೇ. ಅವಳ ಪಾಲಿಗೆ ಬಂದದ್ದು ಲೋಟ ಇಡುವ ಬಿಲ್ಲೆ, ಕಿವಿಯೋಲೆ, ತಾಳೆಗರಿಯ ಗುಲಾಬಿ. ಗಿರಾಕಿಗಳು ಅವಳ ಗುಲಾಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ದಾಟಿ ಬಂದು ಅಕ್ಕನ ಬುಟ್ಟಿಯ ಮುಂದೆ ನಿಲ್ಲುತ್ತಿದ್ದರು. ನಿಂತು, ಗುಲಾಬಿಯನ್ನು ಎಲ್ಲೆಂದರಲ್ಲಿ ಇಟ್ಟುಬಿಡುತ್ತಿದ್ದರು. ಲೂವೀನಿಯಾ ಅದನ್ನು ನೋಡಿದ್ದಳು. ನೋಡಿ ಏನೂ ಅಂದುಕೊಂಡಿರಲಿಲ್ಲ.

ಒಂದು ಅಕ್ಟೋಬರಿನಲ್ಲಿ ಚಂಡಮಾರುತ ಬಂದು ಆಲ್ಥೀಯಾಳ ಮನೆಯ ಅರ್ಧ ಮಾಡು ಕಿತ್ತುಕೊಂಡು ಹೋಯಿತು. ಮೇಲೆ ನೀಲಿ ಟಾರ್ಪಾಲು ಹೊದಿಸಿಕೊಂಡು ಬದುಕುತ್ತಿದ್ದ ದಿನಗಳಲ್ಲೇ ಮಿನೆಸೋಟಾದಿಂದ ಮಿಸೆಸ್ ಲಿಂಡ್‌ಕ್ವಿಸ್ಟ್ ಬಂದಳು. ಬಿಳಿ ಕೂದಲಿನ ಒಳ್ಳೆಯ ಹೆಂಗಸು. ಎಲ್ಲವನ್ನೂ ಓದಿಕೊಂಡು ಬಂದವಳು, ಆದರೆ ಮೂಸಲಿಲ್ಲ, ಕೆರೆಯಲಿಲ್ಲ. ಮೊರದ ಕೆಳಗೆ ನಿಂತು ತಲೆಯೆತ್ತಿ ನೋಡುತ್ತಲೇ ಇದ್ದಳು. ಎಷ್ಟಾದರೂ ಕೊಡುತ್ತೇನೆ ಅಂದಳು. ಇದು ಮಾರಾಟಕ್ಕಿಲ್ಲ ಅಂದಳು ಲೂವೀನಿಯಾ. ಮಾರನೆಯ ದಿನವೂ ಬಂದು ಕೇಳಿದಳು, ಮತ್ತೂ ಅದೇ ಉತ್ತರ. ಬೇಸರಪಡದೆ ಒಂದು ಬ್ರೆಡ್ ಬುಟ್ಟಿ ಕೊಂಡು ಹೊರಟಳು. ಕಾರಿನ ತನಕ ಅದನ್ನು ಹೊತ್ತುಕೊಂಡು ಹೋದವಳು ಆಲ್ಥೀಯಾ.

ಜನವರಿಯಲ್ಲಿ ಗಿರಾಕಿಗಳು ಕಡಿಮೆ. ಒಂದು ಸಂಜೆ ಅಕ್ಕನನ್ನು ಮನೆಗೆ ಬಿಟ್ಟ ಆಲ್ಥೀಯಾ ಕಾರಿನಿಂದಿಳಿಯದೆ, ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದಳು.

"ಅಕ್ಕ, ಮೊರದ ಹೊಲಿಗೆ ನಂಗೂ ಹೇಳಿಕೊಡ್ತೀಯಾ? ನೀನು ಹೋದ್ಮೇಲೆ ಅದು ಯಾರಿಗೂ ಬರಲ್ಲ."

ಲೂವೀನಿಯಾಳಿಗೆ ಮಕ್ಕಳಿಲ್ಲ. ಗಂಡ ಐಸಾಯಾ ಇದ್ದಾಗ ಕಡಲಂಚಿನ ಮರಳುದಿಬ್ಬಗಳಿಂದ ಹುಲ್ಲು ಎಳೆದು ತರುತ್ತಿದ್ದ, ಅವನೂ ಹೋಗಿ ವರ್ಷಗಳಾದವು. ನೆರೆಯ ಹುಡುಗಿಯರಿಗೆ ಕಲಿಸಲು ನೋಡಿದ್ದಳು, ಅವರು ಬೆರಳು ಕುಯ್ದುಕೊಂಡ ದಿನವೇ ಎದ್ದುಹೋಗುತ್ತಿದ್ದರು. ತನ್ನ ಜತೆಗೇ ಆ ಹೊಲಿಗೆಯೂ ಮಣ್ಣಿಗೆ ಹೋಗುತ್ತದೆ ಅನ್ನುವುದೊಂದೇ ಅವಳ ಎದೆಯಲ್ಲಿ ಕೊರೆಯುತ್ತಿದ್ದ ಚಿಂತೆ. ತಂಗಿಯನ್ನು ಕಾರಿನಿಂದ ಇಳಿಸಿದಳು. ಒಳಗೆ ಹೋಗಿ ಒಲೆ ಹೊತ್ತಿಸಿ, ಬೆಂಡೆಕಾಯಿ ಸಾರು ಬಿಸಿಗಿಟ್ಟು, ಇಬ್ಬರಿಗೂ ತಟ್ಟೆ ಹಾಕಿದಳು.

ಆ ಚಳಿಗಾಲ ಅಡಿಗೆಮನೆಯ ಒಲೆಯ ಮುಂದೆ ಅಕ್ಕತಂಗಿಯರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಊದಿದ ಕಾಲಿನಲ್ಲೇ ಲೂವೀನಿಯಾ ಕೆಸರಿಗಿಳಿದು ಜೊಂಡು ಕೊಯ್ದು ತಂದಳು. ಪ್ಲಾಸ್ಟಿಕ್ ಬಿಚ್ಚಿ, ಹಳೆಯ ಮೊರವನ್ನು ತಂಗಿಯ ತೊಡೆಯ ಮೇಲೆ ಇಟ್ಟು, ಮುತ್ತಜ್ಜ ಎಲ್ಲಿ ಹೊಸ ಗರಿ ಕೂಡಿಸಿದ್ದಾನೆ, ಎಲ್ಲಿ ಬಿಗಿ ಹೆಚ್ಚು ಮಾಡಿದ್ದಾನೆ ಅಂತ ಬೆರಳಿಟ್ಟು ತೋರಿಸಿದಳು. ಅವ್ವ ಯಾವಾಗ ಬೈದಳು, ಯಾವಾಗ ಹೊಡೆದಳು, ಚರ್ಚಿನಲ್ಲಿ ಆಲ್ಥೀಯಾ ನಿದ್ದೆಹೋಗಿ ಬೆಂಚಿನಿಂದ ಬಿದ್ದದ್ದು, ಎಲ್ಲ ಮಾತಿಗೆ ಬಂತು. ಆಮೆ ನಿಧಾನವಾಗಿಯೇ ಕಲಿತಿತು, ಆದರೆ ಕಲಿತಿತು. ತಂಗಿಯ ಚಮಚದ ಹಿಡಿ ಜೊಂಡಿಗೆ ಬಾಗಿತೆಂದು ಒಂದು ದಿನ ಲೂವೀನಿಯಾ ಅವ್ವನ ಮೂಳೆಯನ್ನೇ ತೆಗೆದು ಕೊಟ್ಟುಬಿಟ್ಟಳು. ಇನ್ನು ಇದು ನಿನ್ನದು ಅಂದಳು.

ಕಡೆಗೆ ಅಂಚು ಬಂತು. ಆಲ್ಥೀಯಾ ಅಲ್ಲಿನ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿ, "ಇದನ್ನ ಹೇಗೆ ಕೆಡಿಸಿದ್ದೆ ಅಕ್ಕ, ತೋರಿಸು" ಅಂದಳು. ಲೂವೀನಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳು ವರ್ಷದ ಹುಡುಗಿಯ ಹಾಗೆ ನಾಲಿಗೆ ಹೊರಚಾಚಿ, ಗರಿಯನ್ನು ಒಂದು ಸಲ ಆ ಕಡೆ ಒಂದು ಸಲ ಈ ಕಡೆ ತೂರಿಸಿ, ತಪ್ಪನ್ನೂ ಒಂದೊಂದಾಗಿ ಹೇಳಿಕೊಟ್ಟಳು.

ಕೊನೆಯ ಸುತ್ತುಗಳನ್ನು ನಾನೊಬ್ಬಳೇ ಮನೆಯಲ್ಲಿ ಮುಗಿಸುತ್ತೇನೆ ಅಂದಳು ತಂಗಿ. ಸರಿಯೇ. ಇನ್ನೊಬ್ಬರ ಮುಗಿಯದ ಬುಟ್ಟಿಯನ್ನು ಇಣುಕಿ ನೋಡುವುದು ನಮ್ಮಲ್ಲಿ ಇಲ್ಲ. ಅದು ಬಾಣಂತಿ ಕೋಣೆಯ ಬಾಗಿಲು ತಳ್ಳಿದ ಹಾಗೆ. ಲೂವೀನಿಯಾ ಕಾದಳು. ಫೆಬ್ರವರಿ ಕೊನೆಯಲ್ಲಿ ಆಲ್ಥೀಯಾ ಮುಖ ಸಣ್ಣದು ಮಾಡಿಕೊಂಡು ಬಂದಳು. ಮೊರ ಒಂದು ಕಡೆ ವಾಲಿತ್ತಂತೆ, ಅಕ್ಕನಿಗೆ ತೋರಿಸಲು ನಾಚಿಕೆಯಾಗಿ ಹಿತ್ತಲಲ್ಲಿ ಸುಟ್ಟುಬಿಟ್ಟಳಂತೆ. ಲೂವೀನಿಯಾ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಮೊದಲನೇ ಮೊರ ಯಾರದೂ ನೆಟ್ಟಗಾಗುವುದಿಲ್ಲ ಕಣೇ ಕೂಟರ್ ಅಂತ ಸಮಾಧಾನ ಮಾಡಿದಳು.

ವಸಂತಕ್ಕೆ ಆಲ್ಥೀಯಾಳ ಮನೆಗೆ ಹೊಸ ತಗಡು ಬಂತು. ಬೇರೆ ಊರಿನ ಯಾವುದೋ ಚರ್ಚಿನವರು ಹಾಕಿಸಿಕೊಟ್ಟರಂತೆ. ಲೂವೀನಿಯಾ ಆ ತಗಡಿನ ಕೆಳಗೆ ಕೂತು, ಟೊಮೆಟೊ ಹಾಕಿದ ಕೆಂಪನ್ನ ತಿಂದು, ದೇವರು ದೊಡ್ಡವನು ಅಂದಳು. ಆ ಭಾನುವಾರ ತಮ್ಮ ಚರ್ಚಿನ ತಟ್ಟೆಗೆ ಎಂದಿಗಿಂತ ಹೆಚ್ಚು ಹಾಕಿದಳು. ಹೆಸರು ಗೊತ್ತಿಲ್ಲದ ಆ ಪುಣ್ಯಾತ್ಮರಿಗಾಗಿ ಪ್ರಾರ್ಥನೆಯನ್ನೂ ಮಾಡಿದಳು.

ನವೆಂಬರಿನಲ್ಲಿ ಮಿಸೆಸ್ ಲಿಂಡ್‌ಕ್ವಿಸ್ಟ್ ಮತ್ತೆ ಬಂದಳು. ಆಲ್ಥೀಯಾ ಊಟದ ಹೊತ್ತಿಗೆ ಬೇಯಿಸಿದ ಕಡಲೆಕಾಯಿ ತರಲು ಹೋಗಿದ್ದಳು. ಕಾರಿನಿಂದಿಳಿದ ಹೆಂಗಸು ಎರಡೂ ಕೈ ಚಾಚಿಕೊಂಡು ಬಂದು ಲೂವೀನಿಯಾಳ ಕೈ ಹಿಡಿದುಕೊಂಡಳು.

"ಮಿಸ್ ಲೂವೀನಿಯಾ, ನಿಮ್ಮನ್ನೇ ನೋಡ್ಬೇಕು ಅಂತ ಬಂದೆ. ಮಾರ್ಚಿನಲ್ಲಿ ಬಂದಾಗ ನೀವು ಮೊಣಕಾಲು ತೋರಿಸೋಕೆ ಆಸ್ಪತ್ರೆಗೆ ಹೋಗಿದ್ರಿ. ನಿಮಗೆ ಥ್ಯಾಂಕ್ಸ್ ಹೇಳದೆ ನನಗೆ ಸಮಾಧಾನ ಇರಲಿಲ್ಲ."

ಯಾವುದಕ್ಕೆ ಥ್ಯಾಂಕ್ಸ್ ಅಂತ ಲೂವೀನಿಯಾಳಿಗೆ ಹೊಳೆಯಲಿಲ್ಲ. ಬ್ರೆಡ್ ಬುಟ್ಟಿಗಿರಬೇಕು ಅಂದುಕೊಂಡು ನಕ್ಕಳು.

"ನಮ್ಮ ಮನೆಯ ಹಜಾರದಲ್ಲಿ ಹಾಕಿದ್ದೀವಿ. ಬಿಸಿಲು ತಾಗದ ಗೋಡೆಗೆ. ನಿಮ್ಮ ಮುತ್ತಜ್ಜನ ಮೊರ ನಿಜವಾಗಿ ನನಗೆ ಕೊಡ್ತೀರಿ ಅಂತ ನಾನು ಅಂದುಕೊಂಡೇ ಇರಲಿಲ್ಲ. ನೀವೇ ಯೋಚನೆ ಮಾಡಿ ಒಪ್ಪಿದ್ರಿ ಅಂತ ನಿಮ್ಮ ತಂಗಿ ಹೇಳಿದಾಗ ನಾನು ಅತ್ತುಬಿಟ್ಟೆ." ಹೆಂಗಸು ಫೋನು ತೆಗೆದು ಚಿತ್ರ ತೋರಿಸಿದಳು. "ನೋಡಿ, ಈ ಸೊಟ್ಟ ಹೊಲಿಗೆ. ಇದು ನೀವು ಚಿಕ್ಕವರಿದ್ದಾಗ ಮಾಡಿದ್ದಂತೆ. ಬಂದವರಿಗೆಲ್ಲ ಮೊದಲು ಇದನ್ನೇ ತೋರಿಸ್ತೀನಿ."

ಹೆದ್ದಾರಿಯಲ್ಲಿ ಲಾರಿಯೊಂದು ಹೋಯಿತು. ಅಡ್ಡಪಟ್ಟಿಯ ಬುಟ್ಟಿಗಳೆಲ್ಲ ಅಲ್ಲಾಡಿದವು. ಲೂವೀನಿಯಾ ತಲೆಯೆತ್ತಿ ನೋಡಿದಳು. ಪ್ಲಾಸ್ಟಿಕ್ಕಿನೊಳಗೆ ಮೊರ ಎಂದಿನಂತೆಯೇ ಇತ್ತು. ಮತ್ತೆ ಫೋನು ನೋಡಿದಳು. ಅಲ್ಲೂ ಮೊರ ಇತ್ತು, ಅದರ ಅಂಚಿನಲ್ಲಿ ಅವಳ ಏಳು ವರ್ಷದ ಕೈ ಇತ್ತು.

ಅವಳ ಮುಖ ಕಂಡ ಹೆಂಗಸಿನ ನಗು ಇಳಿಯಿತು. "ನಿಮಗೆ ಬೇಜಾರಿಲ್ಲ ತಾನೇ? ಮನಸ್ಸು ಬದಲಾಗಿದ್ರೆ ಈಗಲೂ ಹೇಳಿ. ನಾನು ವಾಪಸ್ ಕಳಿಸ್ತೀನಿ. ನಿಜವಾಗಿ."

ನಿಜವಾಗಿಯೇ ಕಳಿಸುತ್ತಿದ್ದಳು, ಅಂಥ ಹೆಂಗಸು ಆಕೆ. ಲೂವೀನಿಯಾ ಒಂದೇ ಒಂದು ಮಾತು ಆಡಬೇಕಿತ್ತು: ನಾನು ಒಪ್ಪಿರಲಿಲ್ಲ. ಆದರೆ ಅದನ್ನು ಆಡಿದರೆ ತಂಗಿ ಕಳ್ಳಿ ಅಂದ ಹಾಗಾಯಿತು, ಅದೂ ದೂರದಿಂದ ಬಂದ ಬಿಳಿಯ ಹೆಂಗಸಿನೆದುರು, ಅವ್ವನ ಜಾಗದಲ್ಲಿ ನಿಂತು. ಮನೆಯ ಕೊಳೆಯನ್ನು ರಸ್ತೆಯಲ್ಲಿ ಒಗೆಯಬೇಡಿ ಅಂತ ಅವ್ವ ಹೊಡೆದು ಕಲಿಸಿದ್ದಳು. ನಮ್ಮವರ ಮೇಲೆ ಹೊರಗಿನವರಿಗೆ ದೂರು ಕೊಡುವುದನ್ನು ನಾವು ತಾಯಿಹಾಲಿನ ಜತೆಯಲ್ಲೇ ಬಿಟ್ಟವರು. ಬಿಡದೆ ಇದ್ದ ದಿನಗಳಲ್ಲಿ ಏನೇನಾಯಿತು ಅಂತ ಹಿರಿಯರು ಹೇಳಿದ್ದು ಯಾರಿಗೂ ಮರೆತಿಲ್ಲ.

"ಬೇಜಾರೇನಿಲ್ಲ ಅಮ್ಮಾ," ಅಂದಳು. "ನಾನೇ ಒಪ್ಪಿದ್ದೆ. ಬಿಸಿಲಿಗಿಡಬೇಡಿ."

ಹೆಂಗಸಿನ ಮುಖ ಅರಳಿತು. ಮೇಲೆ ನೇತಾಡುತ್ತಿದ್ದುದನ್ನು ತೋರಿಸಿ, ಇದೂ ಹಳೆಯದೇ ಅಂತ ಕೇಳಿದಳು. ಲೂವೀನಿಯಾಳ ಬಲಗೈ ಅಭ್ಯಾಸದಿಂದ ಅರ್ಧ ಎದ್ದಿತ್ತು. ಅದನ್ನು ಇಳಿಸಿ, ಮಡಿಲಿನ ಹುಲ್ಲು ಸರಿಮಾಡಿಕೊಂಡು, ಅಲ್ಲ, ಅದು ಇತ್ತೀಚಿನದು ಅಂದಳು. ಹೆಂಗಸು ಎರಡು ಬುಟ್ಟಿ ಕೊಂಡು, ಅವಳ ಕೆನ್ನೆಗೆ ಮುತ್ತಿಟ್ಟು ಹೊರಟುಹೋದಳು.

ಅವಳ ಕಾರು ಮರೆಯಾದ ಮೇಲೆ ಲೂವೀನಿಯಾ ಕುರ್ಚಿ ಹತ್ತಿದಳು. ಮೊಣಕಾಲು ಕೂಗಿಕೊಂಡಿತು. ಮೊರ ಇಳಿಸಿ ಪ್ಲಾಸ್ಟಿಕ್ ಹರಿದಳು. ಕಾಫಿಯ ವಾಸನೆ ಬಂತು. ಕಾಫಿ ಡಿಕಾಕ್ಷನ್ ಬಳಿದು, ಹೊಗೆಗೆ ಹಿಡಿದು, ತಂಗಿ ಹೊಸ ಜೊಂಡನ್ನು ನೂರೈವತ್ತು ವರ್ಷದ್ದು ಮಾಡಿದ್ದಳು. ಅಂಚಿನಲ್ಲಿ ಸೊಟ್ಟ ಹೊಲಿಗೆಯೂ ಇತ್ತು. ಆ ಕಡೆ ಒಂದು, ಈ ಕಡೆ ಒಂದು, ಒಲೆಯ ಮುಂದೆ ತಾನು ನಗುನಗುತ್ತ ತೋರಿಸಿಕೊಟ್ಟ ಹಾಗೆಯೇ. ಲೂವೀನಿಯಾ ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿದಳು. ಮಗುವಿನ ಕೈ ಒಂದು ಹೊಲಿಗೆಯನ್ನು ಬಿಗಿದರೆ ಮುಂದಿನದನ್ನು ಸಡಿಲ ಬಿಡುತ್ತದೆ. ಇಲ್ಲಿ ಪ್ರತಿ ಸೊಟ್ಟ ಹೊಲಿಗೆಯೂ ಒಂದೇ ಬಿಗಿಯಲ್ಲಿತ್ತು. ಬೇಕೆಂದೇ ತಪ್ಪಿದ ನುರಿತ ಕೈಯದು.

ಮಾರ್ಚಿನಿಂದ ಇಲ್ಲಿಯ ತನಕ ಎಷ್ಟು ಜನರ ಮುಂದೆ ಕೈಯೆತ್ತಿದ್ದಳೋ. ನನ್ನ ಮಾತು ಅದರ ಮೇಲೆ ಅಂದಿದ್ದಳು. ಹುಲ್ಲನ್ನು ಕೆರೆದವರು, ಮೂಸಿದವರು, ಎಲ್ಲರೂ ಅವಳ ಮಾತಿಗೆ ತಲೆಯಾಡಿಸಿ ಹೋಗಿದ್ದರು. ಕಾಯುವ ಬೇಲಿಯೇ ಹೊಲ ಮೇಯ್ದಿತ್ತು, ಅವಳು ಆ ಬೇಲಿಗೆ ಆತುಕೊಂಡು ಕೂತಿದ್ದಳು.

ಆಲ್ಥೀಯಾ ಕಡಲೆಕಾಯಿಯ ಪೊಟ್ಟಣ ಹಿಡಿದು ಬಂದಳು. ನೆಲದ ಮೇಲೆ ಹರಿದ ಪ್ಲಾಸ್ಟಿಕ್ ಬಿದ್ದಿತ್ತು, ಅಕ್ಕನ ಮಡಿಲಲ್ಲಿ ಮೊರವಿತ್ತು. ಬಂದವಳು ನಿಂತಲ್ಲೇ ನಿಂತಳು. ಮಿಸೆಸ್ ಲಿಂಡ್‌ಕ್ವಿಸ್ಟ್ ಬಂದಿದ್ದಳು ಅಂದಳು ಲೂವೀನಿಯಾ.

"ಅರ್ಧ ನನ್ನದೂ ಆಗಿತ್ತು," ಅಂದಳು ಆಲ್ಥೀಯಾ.

"ಯಾವ ಅರ್ಧ ಮಾರಿದೆ? ನಿಂದಾ, ನಂದಾ?"

"ನನ್ನ ಮನೆ ತಗಡು ಎಲ್ಲಿಂದ ಬಂತು ಅಂದ್ಕೊಂಡೆ ಅಕ್ಕ? ಯಾವ ಚರ್ಚಿನವರು ಬಂದು ಯಾರಿಗೆ ಹಾಕಿಕೊಡ್ತಾರೆ? ಆ ಟಾರ್ಪಾಲಿನ ಕೆಳಗೆ ಬಕೆಟ್ ಇಟ್ಕೊಂಡು ನಾನು ಮಲಗ್ತಿದ್ದೆ. ನೀನು ದಿನಾ ಬೆಳಿಗ್ಗೆ ಕಾರು ಹತ್ತಿ, ಇವತ್ತು ಮೊರ ಭದ್ರವಾಗಿ ಇಟ್ಟಿದ್ದೀಯಾ ಅಂತ ಕೇಳ್ತಿದ್ದೆ. ಮಳೆ ಬಂತಾ, ನೆನೆದ್ಯಾ ಅಂತ ಒಂದಿನ ಕೇಳಲಿಲ್ಲ."

"ನನ್ನ ಕೇಳಬಹುದಿತ್ತು."

"ಕೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ ಅಂತ ಲೂವೀನಿಯಾಳಿಗೂ ಗೊತ್ತಿತ್ತು. ನಮ್ಮನೆಗೆ ಬಂದಿರು ಅನ್ನುತ್ತಿದ್ದಳು, ತಗಡಿಗೆ ಚರ್ಚಿನಲ್ಲಿ ಕೇಳೋಣ ಅನ್ನುತ್ತಿದ್ದಳು. ಮೊರ ಕೊಡುತ್ತಿರಲಿಲ್ಲ. ಆದರೆ ಅವಳನ್ನು ಸುಡುತ್ತಿದ್ದದ್ದು ಮೊರವಲ್ಲ.

ಅಷ್ಟರಲ್ಲಿ ಒಂದು ಕಾರು ನಿಂತಿತು. ಗಂಡಹೆಂಡತಿ ಇಳಿದರು. ಹೆಂಡತಿ ಒಂದು ಬುಟ್ಟಿಯನ್ನೆತ್ತಿ ತಿರುಗಿಸಿ ನೋಡಿ, ಇದು ನಿಜವಾಗಿ ಇಲ್ಲಿಯದೇ ಅಂತ ಕೇಳಿದಳು. ಅಕ್ಕತಂಗಿಯರಿಬ್ಬರ ಮುಖದ ಮೇಲೂ ವ್ಯಾಪಾರದ ನಗು ತಾನಾಗಿ ಬಂತು. ಆಲ್ಥೀಯಾ ಇಲ್ಲಿಯದೇ ಅಮ್ಮಾ, ನಮ್ಮ ಕೈಯದೇ ಅನ್ನುತ್ತ ಬಲಗೈ ಎತ್ತಿ ಮೇಲೆ ತೋರಿಸಿದಳು. ಮೇಲೆ ಬರಿ ಮೊಳೆಯಿತ್ತು. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡಳು. ಬಂದವರು ಆಮೇಲೆ ಬರುತ್ತೇವೆ ಅಂತ ಹೇಳಿ ಹೊರಟರು.

"ಆ ಚಳಿಗಾಲ," ಅಂದಳು ಲೂವೀನಿಯಾ. "ಒಲೆ ಮುಂದೆ ಕೂತಿದ್ದು. ನೀನು ಬಂದು ಕಲಿಸು ಅಂದಿದ್ದು. ಅದು ಇದಕ್ಕೇನಾ?"

ಆಲ್ಥೀಯಾ ಪೊಟ್ಟಣದ ಬಾಯಿ ಮಡಚಿದಳು, ಬಿಚ್ಚಿದಳು. "ಮೊದಮೊದಲು ಇದಕ್ಕೇ."

"ಆಮೇಲೆ?"

"ಆಮೇಲೆ ನಂಗೆ ಕಲಿಯೋದೇ ಚೆನ್ನಾಗಿತ್ತು. ನಲವತ್ತು ವರ್ಷ ಎಲ್ಲ ನನ್ನ ಗುಲಾಬಿ ದಾಟ್ಕೊಂಡು ನಿನ್ನ ಹತ್ರ ಹೋದ್ರು. ನೀನು ಕೂಡ ನನ್ನ ಕೈ ಕಡೆ ನೋಡಿದ್ದು ಆ ಚಳಿಗಾಲದಲ್ಲೇ. ನಾನು ಸುಳ್ಳು ಹೇಳಿದ್ದು ಮೊರದ್ದು ಅಕ್ಕ. ಉಳಿದಿದ್ದು ಸುಳ್ಳಲ್ಲ."

"ಅದನ್ನ ನಾನು ಹೇಗೆ ನಂಬಲಿ? ನೀನು ನಕ್ಕಿದ್ದು ಯಾವುದು, ಲೆಕ್ಕ ಹಾಕಿದ್ದು ಯಾವುದು ಅಂತ ನಾನು ಹೇಗೆ ಬೇರೆ ಮಾಡ್ಲಿ? ನಾನು ನಾಲಿಗೆ ಚಾಚ್ಕೊಂಡು ತೋರಿಸ್ತಿದ್ದೆ ಕಣೇ. ನೀನು ನೋಡ್ಕೊತಿದ್ದೆ. ಮೊರ ಹೋದ್ರೆ ಹೋಗ್ಲಿ, ಮುತ್ತಜ್ಜ ಕ್ಷಮಿಸ್ತಾನೆ. ನನಗೆ ಅಂತ ಇದ್ದಿದ್ದು ಅದೊಂದು ಚಳಿಗಾಲ. ಅದನ್ನೂ ಮಾರಿಬಿಟ್ಟೆಯಲ್ಲ."

ಆಲ್ಥೀಯಾ ಅತ್ತಳು. ಆಕೆಯನ್ನು ಕೇಳಿ ವಾಪಸ್ ತರಿಸುತ್ತೇನೆ, ತಗಡು ಕಿತ್ತು ಮಾರಿಯಾದರೂ ತರಿಸುತ್ತೇನೆ ಅಂದಳು. ಲೂವೀನಿಯಾ ಬೇಡ ಅಂದಳು. ನಾನೇ ಒಪ್ಪಿದ್ದೆ ಅಂತ ಅವಳಿಗೆ ಹೇಳಿಯಾಗಿದೆ, ಈಗ ನಿನ್ನ ಸುಳ್ಳಿನ ಮೇಲೆ ನನ್ನದೂ ಒಂದು ಕೂತಿದೆ ಅಂದಳು. ಆಮೇಲೆ ಕೈ ಚಾಚಿ, ಅವ್ವನ ಮೂಳೆ ಕೊಡು ಅಂದಳು.

ಅದು ಆಲ್ಥೀಯಾಳ ಏಪ್ರನ್ ಜೇಬಿನಲ್ಲೇ ಇತ್ತು. ದಿನವೂ ಅದರಲ್ಲೇ ಹೊಲಿಯುತ್ತಿದ್ದಳು. ಕಣ್ಣೊರೆಸಿಕೊಂಡು, ಅದನ್ನೂ ಅದೇ ಕೈಯಿಂದ ಒರೆಸಿ, ಅಕ್ಕನ ಅಂಗೈಯಲ್ಲಿಟ್ಟಳು.

ಸಂಜೆ ಮನೆಗೆ ಹೋಗಲು ಲೂವೀನಿಯಾಳಿಗೆ ಬೇರೆ ದಾರಿ ಇರಲಿಲ್ಲ. ಸಿಟ್ಟು ಬಂತೆಂದು ಊದಿದ ಮೊಣಕಾಲು ಹೆದ್ದಾರಿ ನಡೆಯುವುದಿಲ್ಲ. ತಂಗಿಯ ಕಾರಿನಲ್ಲೇ, ತಂಗಿಯ ಪಕ್ಕದಲ್ಲೇ ಕೂತು ಹೋದಳು. ಮೊರವನ್ನು ಹಿಂದಿನ ಸೀಟಿನಲ್ಲಿ ಹಾಕಿದ್ದರು. ಮನೆ ಮುಂದೆ ಇಳಿದವಳು ಏನು ತೋಚಿತೋ, ಹಿಂದಿನ ಬಾಗಿಲು ತೆಗೆದು ಅದನ್ನೆತ್ತಿಕೊಂಡು ಒಳಗೆ ಹೋದಳು. ನಾಳೆ ಬರಬೇಡ, ಪಾದ್ರಿಯ ಅಳಿಯನ ಗಾಡಿಗೆ ಹೇಳುತ್ತೇನೆ ಅಂದಳು, ತಿರುಗಿ ನೋಡದೆ.

ಅಂಗಡಿಯನ್ನು ಅವಳು ಬಿಡಲಿಲ್ಲ. ಬಿಟ್ಟು ಹೊಟ್ಟೆಗೇನು ಮಾಡುವುದು? ಇಬ್ಬರೂ ಈಗಲೂ ಅಲ್ಲೇ ಕೂರುತ್ತಾರೆ, ಒಬ್ಬಳು ಈ ತುದಿಯ ಕಂಬಕ್ಕೆ, ಇನ್ನೊಬ್ಬಳು ಆ ತುದಿಯ ಕಂಬಕ್ಕೆ. ನಡುವೆ ಬರಿ ಮೊಳೆ. ನಿಜವಾದದ್ದೇ ಅಂತ ಯಾರಾದರೂ ಕೇಳಿದರೆ ಲೂವೀನಿಯಾ ಚೀನಾದ ಜೋಕು ಹೇಳುವುದಿಲ್ಲ. ಮುಟ್ಟಿ ನೋಡಿಕೊಳ್ಳಿ ಅನ್ನುತ್ತಾಳೆ. ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆ. ಮಾತಿಗೆ ಕೊಳ್ಳುತ್ತಿದ್ದವರೇ ಜಾಸ್ತಿ ಇದ್ದರು ಅಂತ ಈಗ ಗೊತ್ತಾಗಿದೆ.

ಆ ಹೊಸ ವರ್ಷದ ದಿನ ಲೂವೀನಿಯಾ ಬೆಳಿಗ್ಗೆ ಎದ್ದು ಅಲಸಂದೆ ಬೇಯಲಿಟ್ಟಳು. ಅಕ್ಕಿ ಅಳೆದಳು. ಕೇರದೆ ಹಾಕಿಬಿಡೋಣ ಅಂದುಕೊಂಡಳು. ಮನಸ್ಸು ಕೇಳಲಿಲ್ಲ. ಹೊಸ ಮೊರ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು, ನವೆಂಬರಿನಿಂದ ಅದನ್ನು ಅವಳು ಮುಟ್ಟಿರಲಿಲ್ಲ. ಎತ್ತಿಕೊಂಡು ಹಿತ್ತಲಿಗೆ ಹೋಗಿ ಅಕ್ಕಿ ಸುರಿದು ಕೇರಿದಳು. ಇದು ಸೋರಬೇಕು ಅಂತ ಅವಳಿಗೆ ಆಸೆಯಿತ್ತು. ಮೊದಲ ಮೊರ ಯಾರದೂ ನೆಟ್ಟಗಾಗು‍ವುದಿಲ್ಲ, ಎಲ್ಲೋ ಒಂದು ಸುತ್ತು ಬಿಟ್ಟಿರುತ್ತದೆ, ನಾಲ್ಕು ಕಾಳಾದರೂ ನೆಲಕ್ಕೆ ಬೀಳುತ್ತವೆ. ಬಿದ್ದರೆ ಅದರ ಮೇಲಾದರೂ ಒಂದಿಷ್ಟು ಬೈಯಬಹುದಿತ್ತು. ಜೋರಾಗಿ ಕೇರಿದಳು, ಮತ್ತೆ ಮತ್ತೆ ಕೇರಿದಳು. ಅಕ್ಕಿ ಮೇಲಕ್ಕೆ ಹಾರಿ ಮೊರದಲ್ಲೇ ಬಂದು ಕೂತಿತು. ನೆಲದ ಮೇಲೆ ಒಂದು ಕಾಳೂ ಇರಲಿಲ್ಲ.

ಹೊಲಿಗೆ ಮಣ್ಣಿಗೆ ಹೋಗಲಿಲ್ಲ. ಅವಳು ಬಯಸಿದ್ದಂತೆಯೇ ಒಂದು ಕೈಯಲ್ಲಿ ಉಳಿದಿತ್ತು. ಆ ಕೈ ಪಕ್ಕದ ರಸ್ತೆಯಲ್ಲಿ, ಹೊಸ ತಗಡಿನ ಕೆಳಗೆ, ತನಗೊಬ್ಬಳಿಗೇ ಅಲಸಂದೆ ಬೇಯಿಸಿಕೊಳ್ಳುತ್ತಿತ್ತು. ಲೂವೀನಿಯಾ ಮೊರ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಅತ್ತು ಮುಗಿಸಿ, ಅಕ್ಕಿಯನ್ನು ಪಾತ್ರೆಗೆ ಸುರಿಯುವಾಗ ನೋಡಿದಳು, ಅಳತೆ ಇಬ್ಬರದಿತ್ತು.